ಸಾಫ್ಟ್‌ವೇರ್ ತೋರಿಸಿದ ಶೇಕಡಾವಾರು ಸಾಕ್ಷಿಯೇ?

ಮಾನ್ಯರೆ,

ಪ್ರಾಜೆಕ್ಟ್ ಕೋಡ್ ಎಐ ಬರೆದದ್ದೆಂದು ನಮ್ಮೂರ ಎಂಜಿನಿಯರಿಂಗ್ ಕಾಲೇಜಿನಲ್ಲಿ ಮಕ್ಕಳಿಗೆ ಸೊನ್ನೆ ಅಂಕ ಕೊಟ್ಟ ಸುದ್ದಿ (ನಿನ್ನೆಯ ಸಂಚಿಕೆ) ಓದಿ ಮೈ ಉರಿಯಿತು. ಪತ್ತೆ ಹಚ್ಚುವ ಸಾಫ್ಟ್‌ವೇರ್ ಏನೋ ಶೇಕಡಾವಾರು ತೋರಿಸಿತಂತೆ, ಅದೇ ಸಾಕ್ಷಿಯಂತೆ. ಚಾಟ್‌ಜಿಪಿಟಿ ಮಾಡಿದ ಓಪನ್‌ಎಐ ಕಂಪನಿಯೇ ಇಂಥದ್ದೊಂದನ್ನು 2023ರ ಜನವರಿಯಲ್ಲಿ ಬಿಟ್ಟು, ನಿಖರತೆ ಸಾಲದೆಂದು ಜುಲೈನಲ್ಲಿ ಹಿಂತೆಗೆದುಕೊಂಡಿತು. ಎಐ ಬರಹದಲ್ಲಿ ಅದು ಹಿಡಿದದ್ದು ಶೇ 26 ಮಾತ್ರ. ಮನುಷ್ಯರೇ ಬರೆದದ್ದರಲ್ಲಿ ಶೇ 9ರಷ್ಟನ್ನು ಎಐ ತಲೆಗೆ ಕಟ್ಟಿತ್ತು. ಕೋಡ್ ವಿಷಯದಲ್ಲಿ ಇದು ಇನ್ನೂ ಕಷ್ಟ. ಬೈನರಿ ಸರ್ಚ್ (ಜೋಡಿಸಿದ ಪಟ್ಟಿಯನ್ನು ಅರ್ಧರ್ಧ ಮಾಡುತ್ತ ಹುಡುಕುವ ಪ್ರೋಗ್ರಾಮ್) ಹತ್ತು ಹನ್ನೆರಡು ಸಾಲು. ಲೋ, ಹೈ, ಮಿಡ್ ಎಂಬ ಹೆಸರುಗಳನ್ನು ಕಲಿಸುವುದೇ ಲ್ಯಾಬ್ ಮ್ಯಾನ್ಯುಯಲ್. ಅರವತ್ತು ಮಂದಿ ಬರೆದರೂ ಒಂದೇ ಥರ ಕಾಣುತ್ತದೆ.

ಅರ್ಥವಾಗದ ಕೋಡ್ ತಂದು ಅಂಟಿಸುವುದು ತಪ್ಪು, ಎರಡು ಮಾತಿಲ್ಲ. ಬಳಕೆದಾರ ಟೈಪ್ ಮಾಡಿದ್ದನ್ನು ಎಐ ಕೆಲವೊಮ್ಮೆ ನೇರವಾಗಿ ಎಸ್‌ಕ್ಯೂಎಲ್ ಸಾಲಿಗೆ (ಡೇಟಾಬೇಸ್‌ಗೆ ಕೊಡುವ ಆದೇಶಕ್ಕೆ) ಜೋಡಿಸಿರುತ್ತದೆ. ಒಂದು ಕೊಟೇಶನ್ ಚಿಹ್ನೆ ತೂರಿಸಿದವನಿಗೆ ಇಡೀ ಟೇಬಲ್ ಬಯಲು. ಇಲ್ಲದ ಪೈಥಾನ್ ಪ್ಯಾಕೇಜಿನ (ಸಿದ್ಧ ಕೋಡ್ ಕಟ್ಟಿನ) ಹೆಸರನ್ನೂ ಹೇಳುತ್ತದೆ. ಆ ಹೆಸರಲ್ಲಿ ಯಾರಾದರೂ ಕಳ್ಳ ಕೋಡ್ ಏರಿಸಿಟ್ಟಿದ್ದರೆ ಪಿಪ್ ಇನ್‌ಸ್ಟಾಲ್ (ಪ್ಯಾಕೇಜ್ ಇಳಿಸಿಕೊಳ್ಳುವ ಆದೇಶ) ಹೊಡೆದ ಕೂಡಲೇ ಯಂತ್ರ ಅವರ ಪಾಲು. ಇದನ್ನೆಲ್ಲ ಹಿಡಿಯಬೇಕಾದ್ದು ವೈವಾದಲ್ಲಿ, ಅಂದರೆ ಮೌಖಿಕ ಪರೀಕ್ಷೆಯಲ್ಲಿ. ಗಿಟ್ (ಕೋಡ್ ಬದಲಾವಣೆಗಳ ದಾಖಲೆ ಇಡುವ ಸಾಧನ) ತೆರೆಸಿ ನೋಡಿ, ಇಡೀ ಸೆಮಿಸ್ಟರಿನ ಕೆಲಸ ಒಂದೇ ಕಮಿಟ್‌ನಲ್ಲಿ (ಒಂದೇ ಸಲದ ದಾಖಲೆಯಲ್ಲಿ) ಬಂದಿದ್ದರೆ ಕಾರಣ ಕೇಳಿ. ಈ ಫಂಕ್ಷನ್‌ಗೆ ಖಾಲಿ ಪಟ್ಟಿ ಕೊಟ್ಟರೆ ಏನಾಗುತ್ತದೆ ಅನ್ನಿ. ಒಂದು ಷರತ್ತನ್ನು ಎದುರಿಗೇ ಬದಲಿಸಲು ಹೇಳಿ. ತಲೆಗೆ ಹದಿನೈದು ನಿಮಿಷ ಸಾಕು. ನಾಲ್ವರ ತಂಡವನ್ನು ಐದು ನಿಮಿಷದಲ್ಲಿ ಎಬ್ಬಿಸಿ ಕಳಿಸಿದರೆ ಏನು ತಿಳಿದೀತು?

ಈಗ ಮಕ್ಕಳು ಬಾಂಡ್ ಪೇಪರ್‌ನಲ್ಲಿ ಮುಚ್ಚಳಿಕೆ ಬರೆದು, ನೋಟರಿ ಮಾಡಿಸಿ, ವರದಿಗೆ ಮತ್ತೊಮ್ಮೆ ಸ್ಪೈರಲ್ ಬೈಂಡಿಂಗ್ ಹಾಕಿಸಿ ತರಬೇಕು. ಹೆತ್ತವರು ಒಂದು ದಿನದ ಕೂಲಿ ಬಿಟ್ಟು ಎರಡು ಬಸ್ ಬದಲಿಸಿ ಬಂದರೆ ಪ್ರಿನ್ಸಿಪಾಲರು ಮೀಟಿಂಗ್‌ನಲ್ಲಿ, ಮಾರನೆಯ ದಿನ ಗುಮಾಸ್ತರು ರಜೆ.

ಆ ಲ್ಯಾಬಿನ ಯುಪಿಎಸ್ ಬ್ಯಾಟರಿ ಸತ್ತು ಎಷ್ಟು ಕಾಲವಾಯಿತು? ಕರೆಂಟ್ ಹೋದರೆ ಸೇವ್ ಮಾಡದ್ದೆಲ್ಲ ಹೋಯಿತು. ಮ್ಯಾನ್ಯುಯಲ್‌ನಲ್ಲಿ ಅಚ್ಚಾದ ಪ್ರೋಗ್ರಾಮನ್ನೇ ರೆಕಾರ್ಡ್ ಪುಸ್ತಕಕ್ಕೆ ಕೈಯಲ್ಲಿ ಇಳಿಸುವುದು ನಕಲಲ್ಲವೇ? ಅದನ್ನು ವರ್ಷಗಟ್ಟಲೆ ಬರೆಸಿದವರು ಕಾಲೇಜಿನವರಾದ ನೀವೇ. ಅತಿಥಿ ಉಪನ್ಯಾಸಕರ ಸಂಬಳ ಬಾಕಿ ಎಂದು ಇದೇ ಅಂಕಣದಲ್ಲಿ ಎಷ್ಟು ಪತ್ರ ಬಂದವು, ಒಬ್ಬ ಅಧಿಕಾರಿಯಾದರೂ ಬಾಯಿ ಬಿಟ್ಟರೇ?

ಸೊನ್ನೆ ರದ್ದು ಮಾಡಿ, ಇಲ್ಲವೇ ಎಲ್ಲರಿಗೂ ಹೊಸದಾಗಿ ವೈವಾ ನಡೆಸಿ. ಬ್ಯಾಟರಿಯನ್ನೂ ಹಾಕಿಸಿ. ಸಂಬಂಧಪಟ್ಟವರು ಎಂಬವರು ಯಾರಾದರೂ ಇದ್ದರೆ ಒಮ್ಮೆ ಲ್ಯಾಬಿಗೆ ಬಂದು ಕೂರಲಿ. ಮಕ್ಕಳಿಗೆ ಪ್ರಾಮಾಣಿಕತೆ ಬೋಧಿಸುವ ಮೊದಲು ಸ್ವಲ್ಪ ನಾಚಿಕೆ ಇರಲಿ.

– ಒಬ್ಬ ಸಾಫ್ಟ್‌ವೇರ್ ಎಂಜಿನಿಯರ್