ಕೆಂಪು ಗೋಬಿಗೆ ಗಿರಾಕಿಯೇ ಕಾರಣ

ಮಾನ್ಯರೇ,

ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕಬಾರದೆಂದು ರಾಜ್ಯ ಸರ್ಕಾರ ಆದೇಶಿಸಿದ್ದು 2024ರ ಮಾರ್ಚ್‌ನಲ್ಲಿ. ಆಗ ಪರೀಕ್ಷೆಗೊಳಗಾದ 171 ಮಾದರಿಗಳಲ್ಲಿ 107 ಅಸುರಕ್ಷಿತ ಎನಿಸಿದ್ದವು. ಅವುಗಳಲ್ಲಿ ಟಾರ್ಟ್ರಜಿನ್, ಸನ್‌ಸೆಟ್ ಯೆಲ್ಲೋ, ಕಾರ್ಮೋಸಿನ್ ಎಂಬ ಕೃತಕ ಬಣ್ಣಗಳು ಸಿಕ್ಕಿದ್ದವು. ಜೂನ್‌ನಲ್ಲಿ ಕಬಾಬ್‌ಗೂ ಅದೇ ನಿಯಮ ಬಂತು. ಆದರೂ ಸಂಜೆಯ ಗಾಡಿಗಳಲ್ಲಿ ಕಡುಗೆಂಪು ಇನ್ನೂ ಕಾಣುತ್ತದೆ. ವ್ಯಾಪಾರಿಗೆ ದಂಡಕ್ಕಿಂತ, ಗಿರಾಕಿ ಪಕ್ಕದ ಗಾಡಿಗೆ ಹೋದಾನೆಂಬ ಭಯ ಹೆಚ್ಚು.

ಬೀದಿ ಬದಿಯಲ್ಲಿ ರುಚಿ ಗೊತ್ತಾಗುವುದು ದುಡ್ಡು ಕೊಟ್ಟ ಮೇಲೆ. ಅದಕ್ಕೂ ಮೊದಲು ಗಿರಾಕಿ ನೋಡುವುದು ಬಣ್ಣ, ಬಾಣಲೆಯ ಬೆಳ್ಳುಳ್ಳಿ ಘಾಟು, ಗಾಡಿ ಮುಂದಿನ ಗುಂಪು. ಕೆಂಪಗಿದ್ದರೆ ಖಾರ, ಕಂದಾಗಿದ್ದರೆ ನಿನ್ನೆಯದು ಎಂಬ ಲೆಕ್ಕ ನಮ್ಮ ಕಣ್ಣಿಗೆ ಅಭ್ಯಾಸವಾಗಿದೆ. ಊಟ ತರಿಸುವ ಆ್ಯಪ್‌ಗಳ ಫೋಟೊಗಳು ಈ ಅಭ್ಯಾಸಕ್ಕೆ ಇನ್ನಷ್ಟು ನೀರೆರೆದಿವೆ.

ಹಿಟ್ಟಿಗೆ ಖಾರದ ಪುಡಿ ಹಾಕಿದರೆ ಕಾದ ಎಣ್ಣೆಯಲ್ಲಿ ಸೀದು ಕಪ್ಪಾಗುತ್ತದೆ. ಕೃತಕ ಬಣ್ಣ ಹಾಗಾಗುವುದಿಲ್ಲ. ವ್ಯಾಪಾರಿ ಅದಕ್ಕೆ ಜೋತುಬಿದ್ದದ್ದೂ ಇದಕ್ಕೇ. ಹಾಗಾಗಿ ಹಿಟ್ಟನ್ನು ಬಿಳಿಯಾಗಿಯೇ ಬಿಟ್ಟು, ಬಣ್ಣವನ್ನು ಒಗ್ಗರಣೆಯಲ್ಲಿ ತರಬೇಕು. ಅರ್ಧ ಕೆ.ಜಿ. ಹೂಕೋಸಿಗೆ 8–10 ಬ್ಯಾಡಗಿ ಮೆಣಸಿನಕಾಯಿಯ ಬೀಜ ತೆಗೆದು, ಬಿಸಿನೀರಿನಲ್ಲಿ ಅರ್ಧ ಗಂಟೆ ನೆನೆಸಿ ನುಣ್ಣಗೆ ರುಬ್ಬಿ. ಬೆಳ್ಳುಳ್ಳಿ ಬಾಡಿದ ಮೇಲೆ ಸಣ್ಣ ಉರಿಯಲ್ಲಿ ಇದು ಎಣ್ಣೆ ಬಿಡುವವರೆಗೆ ಕೈಯಾಡಿಸಿ, ಕರಿದ ಗೋಬಿ ಬೆರೆಸಿ. ಉರಿ ಜೋರಾದರೆ ಕಹಿ, ಸೋಯಾ ಸಾಸ್ ಒಂದು ಚಮಚ ದಾಟಿದರೆ ಕಪ್ಪು. ಬಿಸಿಲಿಗೆ ಇಟ್ಟ ಗಾಜಿನ ಡಬ್ಬಿಯ ಮೆಣಸು ಬಿಳಿಚಿಕೊಂಡಿರುತ್ತದೆ, ಅದು ಬೇಡ. ಇಷ್ಟೆಲ್ಲ ಮಾಡಿದರೂ ಸಿಗುವುದು ಇಟ್ಟಿಗೆ ಕೆಂಪು, ಕುಂಕುಮದ ಕೆಂಪಲ್ಲ.

ಅನುಮಾನ ಬಂದರೆ ಒಂದು ತುಂಡನ್ನು ಲೋಟದ ನೀರಿಗೆ ಹಾಕಿ ನೋಡಿ. ಮೆಣಸಿನ ಬಣ್ಣ ಎಣ್ಣೆಯ ಜತೆ ಮೇಲೆ ತೇಲುತ್ತದೆ, ಮೇಲೆ ಹೇಳಿದಂಥ ಕೃತಕ ಬಣ್ಣ ನೀರಿಗೇ ಇಳಿಯುತ್ತದೆ. ಬೀಟ್‌ರೂಟ್ ಬಣ್ಣವೂ ನೀರಿಗಿಳಿಯುವುದರಿಂದ ಇದು ಸುಳಿವು ಮಾತ್ರ, ಖಚಿತವಾಗಲು ಪ್ರಯೋಗಾಲಯವೇ ಬೇಕು.

ಅಧಿಕಾರಿಗಳು ಗಾಡಿಗಳ ಮೇಲಷ್ಟೇ ದಾಳಿ ಮಾಡಿದರೆ ಸಾಲದು, ಬಣ್ಣದ ಪುಡಿ ಮಾರುವ ಅಂಗಡಿಗಳಿಗೂ ಹೋಗಲಿ. ಬಣ್ಣ ಬಿಟ್ಟ ವ್ಯಾಪಾರಿಗೆ ‘ಇಲ್ಲಿ ಬಣ್ಣ ಹಾಕುವುದಿಲ್ಲ’ ಎಂಬ ಫಲಕವನ್ನು ಪಾಲಿಕೆಯೇ ಕೊಟ್ಟು, ಆಗಾಗ ಮಾದರಿ ತೆಗೆದು ಪರೀಕ್ಷಿಸಲಿ.

– ಆಹಾರ ವಿಜ್ಞಾನದ ಉಪನ್ಯಾಸಕರು, ಧಾರವಾಡ