ಉಂಗುರ ತೆಗೆದುಕೊಟ್ಟವರಿಗೆ

ಅಪ್ಪ ನಿನ್ನೆ ಬಲಗೈಯಲ್ಲೇ ಸಹಿ ಹಾಕಿದರು. ಅಕ್ಷರ ಕೊಂಚ ಓಲಾಡುತ್ತೆ, ಆದರೂ ಅವರದೇ ಸಹಿ. ಮೂರು ತಿಂಗಳ ಹಿಂದೆ ಮೆದುಳಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿ ಅಪ್ಪನಿಗೆ ಸ್ಟ್ರೋಕ್ ಆಗಿದ್ದು ನಿಮಗೆಲ್ಲ ಗೊತ್ತು, ಮತ್ತೆ ಹೇಳಲ್ಲ. ಆಸ್ಪತ್ರೆಯಲ್ಲಿ ಸರದಿ ಮೇಲೆ ಕಾದವರು, ದುಡ್ಡು ಹೊಂದಿಸಿದವರು, ಫಿಸಿಯೋಥೆರಪಿಗೆ ಕರೆದೊಯ್ದವರು, ಡಾಕ್ಟರು, ನರ್ಸುಗಳು, ಎಲ್ಲರಿಗೂ ಕೈಮುಗಿದೆ. ಒಂದೇ ಸಾಲಲ್ಲಿ ಮುಗಿಸಿದಳು ಅಂತ ಬೇಜಾರಾಗಬೇಡಿ.

ಉಳಿದದ್ದೆಲ್ಲ ಎಂಆರ್‌ಐ ಕೋಣೆಯ ರಾತ್ರಿ ಪಾಳಿಯ ಟೆಕ್ನಿಷಿಯನ್‌ಗೆ. ಅವರ ಹೆಸರು ಕೇಳಬೇಕೆಂದೂ ನನಗೆ ಅವತ್ತು ಹೊಳೆಯಲಿಲ್ಲ.

"ಯಾವಾಗ ಶುರುವಾಯ್ತು?" ಬಂದವರೆಲ್ಲ ಅದನ್ನೇ ಕೇಳುತ್ತಿದ್ದರು. ರಾತ್ರಿ 10ಕ್ಕೆ ಮಲಗುವಾಗ ಚೆನ್ನಾಗಿದ್ದರು, 3ಕ್ಕೆ ಎದ್ದಾಗ ಮಾತಿಲ್ಲ. ನಡುವಿನ 5 ಗಂಟೆ ನಾನು ಪಕ್ಕದ ಕೋಣೆಯಲ್ಲಿ ನಿದ್ದೆ ಹೊಡೆಯುತ್ತಿದ್ದೆ. ಇದನ್ನು ಬರೆಯುವಾಗಲೂ ಗಂಟಲು ಕಟ್ಟುತ್ತೆ. ಹೆಪ್ಪು ಕರಗಿಸುವ ಇಂಜೆಕ್ಷನ್‌ಗೆ ಸಾಮಾನ್ಯವಾಗಿ ಇರುವ ಗಡುವು, ಸ್ಟ್ರೋಕ್ ಶುರುವಾದಾಗಿನಿಂದ ನಾಲ್ಕೂವರೆ ಗಂಟೆ. ಸಿಟಿ ಸ್ಕ್ಯಾನ್ ಕೆಲವೇ ನಿಮಿಷದಲ್ಲಿ ಮುಗಿದು 'ನಾರ್ಮಲ್' ಅಂತ ಬಂತು. ಈಗ ಎಂಆರ್‌ಐ ಅಂದಾಗ ಕಿರುಚಾಡಿಬಿಟ್ಟೆ: ನಾರ್ಮಲ್ ಅಂದಮೇಲೆ ಇನ್ನೊಂದು ಯಾಕೆ?

ಆ ಟೆಕ್ನಿಷಿಯನ್ ಅಪ್ಪನ ಎಡಗೈ ಬೆರಳಿಗೆ ಸೋಪಿನ ನೊರೆ ಹಚ್ಚಿ, ಬಿಗಿದು ಕೂತ ಉಂಗುರವನ್ನು ಮೆಲ್ಲಗೆ ತಿರುಗಿಸುತ್ತಿದ್ದರು. ತಲೆ ಎತ್ತದೇ ಹೇಳಿದರು: "ಸಿಟಿ ರಕ್ತಸ್ರಾವ ಇಲ್ಲ ಅಂದಿದೆ ಅಷ್ಟೇ ಮೇಡಂ. ಸ್ಟ್ರೋಕ್ ಇಲ್ಲ ಅಂದಿಲ್ಲ."

ಉಂಗುರ ನನ್ನ ಅಂಗೈಗಿಟ್ಟು, ಪೇಸ್‌ಮೇಕರ್ ಇದೆಯಾ, ಮೈಯೊಳಗೆ ಲೋಹ ಏನಾದರೂ ಇದೆಯಾ ಅಂತ ಎರಡೆರಡು ಸಲ ಕೇಳಿದರು. ಆಮೇಲೆ ಆ ಯಂತ್ರದ ಬಡಿತ. ಸದ್ದು ನಿಂತಾಗಲೆಲ್ಲ ಮೈಕಿನಲ್ಲಿ, "ಯಜಮಾನ್ರೇ, ಇನ್ನು ಸ್ವಲ್ಪವೇ, ತಲೆ ಅಲ್ಲಾಡಿಸಬೇಡಿ." ಅಪ್ಪನಿಗೆ ತಿಳಿಯುತ್ತಿತ್ತೋ ಇಲ್ಲವೋ, ಅವರು ಹೇಳುವುದನ್ನು ಬಿಡಲಿಲ್ಲ.

ಡಾಕ್ಟರು ಎಂಆರ್‌ಐ ತೆಗೆದ ಎರಡು ಬಗೆಯ ಚಿತ್ರ ತೋರಿಸಿದರು, ಡಿಫ್ಯೂಷನ್ ಮತ್ತು ಫ್ಲೇರ್ ಅಂತ. ಡಿಫ್ಯೂಷನ್‌ನಲ್ಲಿ ಮೆದುಳಿನ ಎಡಕ್ಕೆ ಬೆಳ್ಳಗೆ ಹೊಳೆಯುವ ಮಚ್ಚೆ. ಫ್ಲೇರ್‌ನಲ್ಲಿ ಅದೇ ಜಾಗದಲ್ಲಿ ಏನೂ ಇಲ್ಲ. ಮೊದಲಿನದರಲ್ಲಿ ಪೆಟ್ಟು ನಿಮಿಷಗಳಲ್ಲೇ ಕಾಣುತ್ತಂತೆ, ಎರಡನೆಯದರಲ್ಲಿ ಮೂಡಲು ಗಂಟೆಗಟ್ಟಲೆ ಬೇಕಂತೆ. ಅಂದರೆ ಬಹುಶಃ ಗಡುವು ಇನ್ನೂ ದಾಟಿಲ್ಲ. ನನಗೆ ಹೇಳಲಾಗದ ಹೊತ್ತನ್ನು ಆ ಚಿತ್ರಗಳು ಹೇಳಿದವು. ಇಂಜೆಕ್ಷನ್ ಕೊಟ್ಟರು.

ಹಾಗಂತ ಸಿಟಿಯನ್ನು ಹಳಿಯಲಾರೆ. ಒಳಗೆ ರಕ್ತ ಸೋರಿದ್ದರೆ ಅದೇ ಇಂಜೆಕ್ಷನ್ ಪ್ರಾಣಕ್ಕೆ ಎರವಾಗುತ್ತಿತ್ತು. ಸೋರಿಲ್ಲವೆಂದು ಮೊದಲು ಹೇಳಿದ್ದು ಅದೇ.

ಬೆಳಿಗ್ಗೆ ಪಾಳಿ ಮುಗಿಸಿ ಹೊರಟವರು ಐಸಿಯು ಬಾಗಿಲಲ್ಲಿ ನಿಂತು, "ಉಂಗುರ ಜೋಪಾನ" ಅಂದರು. ಕ್ಷಮಿಸಿ ಅನ್ನಲೂ ನನಗೆ ಬಾಯಿ ಬರಲಿಲ್ಲ. ಕ್ಷಮಿಸಿ ಸರ್. ಕಳೆದ ವಾರ ಅಪ್ಪ ಅದನ್ನು ಬಲಗೈಯಿಂದ ತಾವೇ ಹಾಕಿಕೊಂಡರು, ಮೂರನೇ ಸಲಕ್ಕೆ.