ಜೀವನಾಂಶದ ವಾರಂಟುಗಳ ಲೆಕ್ಕ ಕೇಳಿ: ಉಸ್ತುವಾರಿ ಸಚಿವರಿಗೊಂದು ಬಹಿರಂಗ ಪತ್ರ

ಉತ್ತರ ಕನ್ನಡ ಜಿಲ್ಲಾ ಉಸ್ತುವಾರಿ ಸಚಿವರಿಗೆ,

ಮಾನ್ಯರೇ,

ಮುಂದಿನ ಕೆಡಿಪಿ (ಜಿಲ್ಲೆಯ ಅಭಿವೃದ್ಧಿ ಕೆಲಸಗಳ ಪರಿಶೀಲನಾ) ಸಭೆಗೆ ಕಾರವಾರಕ್ಕೆ ಬಂದಾಗ ಪೊಲೀಸ್ ವರಿಷ್ಠಾಧಿಕಾರಿಗಳನ್ನು ದಯವಿಟ್ಟು ಒಂದು ಮಾತು ಕೇಳಿ: ಯಾವ ಠಾಣೆಯಲ್ಲಿ ಎಷ್ಟು ಜೀವನಾಂಶದ ವಾರಂಟುಗಳು ಜಾರಿಯಾಗದೆ ಬಿದ್ದಿವೆ? ಕೋರ್ಟು ಹೇಳಿದ ಜೀವನಾಂಶ ಕೊಡದ ಗಂಡನಿಂದ ಬಾಕಿ ವಸೂಲಿಗೆ ಕೋರ್ಟೇ ಹೊರಡಿಸಿದ ವಾರಂಟುಗಳಿವು. ಕೋರ್ಟಿನ ಕೆಲಸಕ್ಕೆ ಕೈಹಾಕಿ ಎನ್ನುತ್ತಿಲ್ಲ. ವಾರಂಟ್ ಹಿಡಿದು ಹೋಗಬೇಕಾದ ಪೊಲೀಸರು ಸರ್ಕಾರದವರು, ಅಷ್ಟೇ.

ನಾನು ಕುಮಟಾ ಕಡೆಯ ಅರೆ ಕಾನೂನು ಸ್ವಯಂಸೇವಕಿ. ಹೆಂಗಸರಿಗೆ ಅರ್ಜಿ ಬರೆದುಕೊಡುತ್ತೇನೆ, ಜೊತೆಗೆ ಕೋರ್ಟಿಗೆ ಹೋಗುತ್ತೇನೆ. ಸುಪ್ರೀಂ ಕೋರ್ಟಿನ ಮೇಲೆ ನಮ್ಮ ತಕರಾರಿಲ್ಲ. ಅರ್ಜಿ ಹಾಕಿದ ದಿನದಿಂದಲೇ ಜೀವನಾಂಶ ಲೆಕ್ಕ ಹಾಕಬೇಕು, ಗಂಡ ಹೆಂಡತಿ ಇಬ್ಬರೂ ಆಸ್ತಿ-ಸಾಲದ ಅಫಿಡವಿಟ್ ಕೊಡಬೇಕು ಎಂದು 2020ರಲ್ಲೇ ರಜನೇಶ್–ನೇಹಾ ಪ್ರಕರಣದಲ್ಲಿ ಹೇಳಿತು. ವಿಚ್ಛೇದಿತ ಮುಸ್ಲಿಂ ಮಹಿಳೆಯೂ ದಂಡ ಪ್ರಕ್ರಿಯಾ ಸಂಹಿತೆಯ 125ನೇ ಕಲಮಿನಡಿ ಜೀವನಾಂಶ ಕೇಳಬಹುದು ಎಂದು 2024ರ ಜುಲೈನಲ್ಲಿ ಹೇಳಿತು. ಅಸಿಂಧುವಾದ ಮದುವೆಯಲ್ಲೂ ಹಿಂದೂ ವಿವಾಹ ಕಾಯ್ದೆಯಡಿ ಕಾಯಂ ಜೀವನಾಂಶಕ್ಕೆ ಅವಕಾಶವಿದೆ ಎಂದದ್ದು 2025ರ ಫೆಬ್ರವರಿಯಲ್ಲಿ. ಮುರಿದುಬಿದ್ದ ಮದುವೆಯನ್ನು ಸಂವಿಧಾನದ 142ನೇ ವಿಧಿಯಡಿ ತಾನೇ ಕೊನೆಗೊಳಿಸಬಹುದು ಎಂಬ 2023ರ ತೀರ್ಪೂ ಇದೆ. ಅದು ದೆಹಲಿಯವರೆಗೆ ಹೋಗುವ ತಾಕತ್ತಿದ್ದವರಿಗೆ, ಬಿಡಿ. ಸಿದ್ದಾಪುರ, ಮುಂಡಗೋಡದವರಿಗೆ ಕಾರವಾರವೇ ದೂರ.

ನಮ್ಮ ಗೋಳು ಆದೇಶ ಕೈಗೆ ಬಂದ ಮೇಲೆ ಶುರು. ಒಬ್ಬಳ ಗಂಡ ಗೋವಾದಲ್ಲಿ ಬೋಟಿನ ಕೆಲಸಕ್ಕಿದ್ದಾನೆ. ‘ಸದರಿಯವರು ವಿಳಾಸದಲ್ಲಿ ವಾಸವಿಲ್ಲ’ ಎಂಬ ಷರಾ ಹೊತ್ತು ವಾರಂಟ್ ವಾಪಸ್ ಬಂತು. ಅದೇ ವಾರ ಊರಲ್ಲಿ ಬಂಡಿಹಬ್ಬ. ‘ಅಪ್ಪ ಐಸ್‌ಕ್ಯಾಂಡಿ ಕೊಡಿಸಿದ’ ಎಂದು ಮಗ ಮನೆಗೆ ಬಂದು ಹೇಳಿದ! ಮಗನಿಗೆ ಸಿಕ್ಕವನು ಪೊಲೀಸರಿಗೆ ಸಿಗಲಿಲ್ಲ. ಘಟ್ಟದ ಮೇಲಿನ ಕತೆ ಬೇರೆ. ಪಹಣಿ ಅಪ್ಪನ ಹೆಸರಲ್ಲಿ, ಅಡಿಕೆ ಮಾರಿದ ದುಡ್ಡು ತಮ್ಮನ ಖಾತೆಗೆ, ಅಫಿಡವಿಟ್ಟಿನಲ್ಲಿ ಮಾತ್ರ ‘ಸ್ವಂತ ಆದಾಯವಿಲ್ಲ’. ಅದನ್ನು ಕೋರ್ಟಿನಲ್ಲೇ ಬಿಡಿಸಬೇಕು, ನಿಮ್ಮಿಂದ ಆಗುವಂಥದ್ದಲ್ಲ. ವಾರಂಟಿನದು ಹಾಗಲ್ಲ.

ಬಾಕಿ ವಸೂಲಿಗೆ ಅರ್ಜಿ ಹಾಕಲು ಕಾನೂನು ಕೊಟ್ಟಿರುವುದು ಆ ಬಾಕಿ ಬಿದ್ದ ದಿನದಿಂದ ಒಂದೇ ವರ್ಷ. ಹಳೇ 125 ಹೋಗಿ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಂ ಬಂದರೂ ಈ ಗಡುವು ಹಾಗೇ ಇದೆ. ಹಳೇ ವಾರಂಟ್ ಠಾಣೆಯಲ್ಲಿ ಕೊಳೆಯುತ್ತಿದ್ದರೂ ಹೊಸ ಬಾಕಿಗೆ ಅವಳು ಮತ್ತೆ ಅರ್ಜಿ ಹಾಕುತ್ತಲೇ ಇರಬೇಕು. ಶಕ್ತಿ ಯೋಜನೆಯಿಂದ ಬಸ್ ಚಾರ್ಜೇನೋ ಉಳಿಯಿತು, ಹೋದ ದಿನದ ಕೂಲಿ ಯಾರು ಕೊಡುತ್ತಾರೆ?

ಮೀನುಗಾರಿಕೆ ಖಾತೆಯೂ ನಿಮ್ಮದೇ ಆದ್ದರಿಂದ ಇದು ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ: ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆ ಬಂದ್. ಬೈತಖೋಲ ಬಂದರಿನಲ್ಲೂ ತದಡಿ ಬಂದರಿನಲ್ಲೂ ಬೋಟುಗಳು ದಡದಲ್ಲಿರುತ್ತವೆ, ಗೋವಾಕ್ಕೆ ಹೋದ ನಮ್ಮವರೂ ಬಹಳಷ್ಟು ಮಂದಿ ಊರಿಗೆ ಬರುತ್ತಾರೆ. ಆ ಎರಡು ತಿಂಗಳು ಕರಾವಳಿಯ ಪ್ರತಿ ಠಾಣೆಯಲ್ಲಿ ಒಬ್ಬ ಸಿಬ್ಬಂದಿಯನ್ನು ಈ ವಾರಂಟುಗಳಿಗೆಂದೇ ಬಿಡಿಸಿ. ‘ವಾಸವಿಲ್ಲ’ ಎಂದು ಬರೆಯುವ ಮುನ್ನ ಹೆಂಡತಿಗೊಂದು ಫೋನ್ ಮಾಡಲಿ. ಅವನೆಲ್ಲಿದ್ದಾನೆಂದು ಹೆಚ್ಚಿನ ಸಲ ಅವಳಿಗೆ ಗೊತ್ತಿರುತ್ತದೆ.

ಠಾಣಾವಾರು ಪಟ್ಟಿ ಮೇ ತಿಂಗಳೊಳಗೆ ತಯಾರಾಗಲಿ. ತಾಲ್ಲೂಕು ಕಾನೂನು ಸೇವಾ ಸಮಿತಿಗೂ ಅದರ ಒಂದು ಪ್ರತಿ ಕಳಿಸಿ, ಫೋನ್ ನಂಬರ್ ಹುಡುಕಿಕೊಡುವ ಕೆಲಸ ನಾವು ಮಾಡುತ್ತೇವೆ.

ಇಂತಿ,
ಕುಮಟಾದ ಒಬ್ಬ ಅರೆ ಕಾನೂನು ಸ್ವಯಂಸೇವಕಿ